ಎಲ್‌ಎಚ್ ಟೆಸ್ಟ್ ಸಂಜೆ ಬೇಡ, ಬೆಳಿಗ್ಗೆ ಹೋಗಿ

ಡೊಂಬಿವಲಿಯ ನಮ್ಮ ಗ್ರೂಪಿನ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಏಳೂವರೆ ವರ್ಷದ ಮಗಳಿಗೆ ಎದೆ ಮೂಡುತ್ತಿದೆ ಅನ್ನಿಸಿ ಎಲ್‌ಎಚ್ (ಹರೆಯ ತರುವ ಒಂದು ಹಾರ್ಮೋನ್) ಟೆಸ್ಟ್ ಮಾಡಿಸಿದೆವು. ನನ್ನ ಆಫೀಸ್, ಲೋಕಲ್ ರಶ್ಶು ಎಲ್ಲ ಮುಗಿಸಿ ರಕ್ತ ಕೊಟ್ಟಾಗ ರಾತ್ರಿ ಏಳು. ರಿಪೋರ್ಟ್ ನಾರ್ಮಲ್! ಪೇಡೆ ಹಂಚುವುದೊಂದು ಬಾಕಿ. ಡಾಕ್ಟರ್ ಮಾತ್ರ ಕಾಗದದ ಮೇಲಿದ್ದ ಸಮಯಕ್ಕೆ ಬೆರಳಿಟ್ಟು, "ಇದೊಂದನ್ನೇ ನಂಬಬೇಡಿ" ಅಂದರು.

ಹರೆಯದ ಆರಂಭದಲ್ಲಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಅನ್ನು ಹೆಚ್ಚು ಸುರಿಸುವುದು ಮಗು ನಿದ್ದೆ ಹೋದ ಮೇಲೆ, ಅದೂ ಅಲೆ ಅಲೆಯಾಗಿ, ಹಗಲಲ್ಲಿ ತೆಪ್ಪಗಿರುತ್ತದೆ. 1972ರಲ್ಲೇ ಅಮೆರಿಕದ ಸಂಶೋಧಕರು 20 ನಿಮಿಷಕ್ಕೊಮ್ಮೆ ರಕ್ತ ತೆಗೆದು ಇದನ್ನು ತೋರಿಸಿದ್ದರು. ಹರೆಯ ಮುಗಿಯುವ ಹೊತ್ತಿಗೆ ಹಗಲು-ರಾತ್ರಿಯ ಅಂತರ ಅಳಿಸಿಹೋಗುತ್ತದೆ.

ಹಾಗಾಗಿ ಹುಡುಗಿಗೆ 8, ಹುಡುಗನಿಗೆ 9 ತುಂಬುವ ಮೊದಲೇ ಹರೆಯದ ಲಕ್ಷಣ ಕಂಡರೆ ಮಕ್ಕಳ ಹಾರ್ಮೋನ್ ಡಾಕ್ಟರನ್ನು ನೋಡಿ. ಟೆಸ್ಟ್ ಹೇಳಿದರೆ ರಜೆ ಹಾಕಿಯಾದರೂ ಬೆಳಿಗ್ಗೆ ಎದ್ದ ಕೂಡಲೇ, ರಾತ್ರಿ ಏರಿದ ಎಲ್‌ಎಚ್ ಪೂರ್ತಿ ಇಳಿಯುವ ಮೊದಲು, ರಕ್ತ ಕೊಡಿಸಿ. ಅದೂ ಕಡಿಮೆ ಬಂದು ಅನುಮಾನ ಉಳಿದರೆ, ಇಂಜೆಕ್ಷನ್ ಕೊಟ್ಟು ಪಿಟ್ಯುಟರಿಯನ್ನು ಕೆಣಕಿ ಅಳೆಯುವ ಟೆಸ್ಟ್ ಇದೆ.

ಎತ್ತರ ಸಾಲದೆಂದು ಹಗಲಲ್ಲಿ ಒಮ್ಮೆ ಗ್ರೋತ್ ಹಾರ್ಮೋನ್ ನೋಡಿಸುವುದಂತೂ ದುಡ್ಡು ದಂಡ. ಅದರ ದೊಡ್ಡ ಅಲೆ ಏಳುವುದೂ ರಾತ್ರಿಯ ಮೊದಲ ಗಾಢ ನಿದ್ದೆಯಲ್ಲೇ.