ಕ್ಯಾಲ್‌ಟ್ರೈನಿನ ಹೊಸ ಕರೆಂಟ್ ರೈಲು: ಹತ್ತೋಕೆ ಮುಂಚೆ ತಿಳ್ಕೊಂಡಿದ್ರೆ ಒಳ್ಳೇದು

ಮೊನ್ನೆ ಫ್ರೆಂಡ್ ಒಬ್ಬ ಫೋನ್ ಮಾಡಿ, "ಸ್ಯಾನ್ ಫ್ರಾನ್ಸಿಸ್ಕೋಗೆ ಬುಲೆಟ್ ಎಷ್ಟೊತ್ತಿಗಿದೆ ಹೇಳೋ, ಅದು ಸಿಗ್ಲಿಲ್ಲ ಅಂದ್ರೆ ಕಾರಲ್ಲೇ ಹೋಗ್ಬಿಡ್ತೀನಿ" ಅಂದ. ಅವನು ಟೆಕ್ಸಾಸ್‌ನಲ್ಲಿ ಐದು ವರ್ಷ ಇದ್ದು ಈಗ ವಾಪಸ್ ಸನಿವೇಲ್‌ಗೆ ಬಂದಿದಾನೆ, ಅವನ ತಲೇಲಿ ಇನ್ನೂ ಹಳೇ ಡೀಸೆಲ್ ಕ್ಯಾಲ್‌ಟ್ರೈನೇ ಓಡ್ತಿದೆ. ಕ್ಯಾಲ್‌ಟ್ರೈನ್ ಅಂದ್ರೆ ಸ್ಯಾನ್ ಹೋಸೆ, ಸ್ಯಾನ್ ಫ್ರಾನ್ಸಿಸ್ಕೋ ಮಧ್ಯೆ ದಿನಾ ಓಡಾಡೋರ ರೈಲು, ಬುಲೆಟ್ ಅಂದ್ರೆ ಅದರ ಎಕ್ಸ್‌ಪ್ರೆಸ್‌ಗೆ ಹಳೇ ಹೆಸರು. ಅವನಿಗೆ ಅರ್ಧ ಗಂಟೆ ಕೂತು ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಬೇ ಏರಿಯಾಗೆ ಹೊಸದಾಗಿ ಬಂದೋರಿಗೂ ಆಗತ್ತೆ, ಊರಿಂದ ಅಪ್ಪ ಅಮ್ಮ ಬಂದಾಗ ಅವ್ರನ್ನ ಕರ್ಕೊಂಡು ಓಡಾಡೋರಿಗೂ ಆಗತ್ತೆ.

ಮೊದಲ್ನೇ ಮಾತು: ಎಕ್ಸ್‌ಪ್ರೆಸ್‌ಗೋಸ್ಕರ ಕಾಯೋ ಅಭ್ಯಾಸ ಬಿಟ್ಬಿಡಿ. ಇದೊಂದು ತಲೆಗೆ ಹೋದ್ರೆ ಮಿಕ್ಕಿದ್ದೆಲ್ಲ ತಾನಾಗೇ ಗೊತ್ತಾಗತ್ತೆ.

ಯಾಕೆ ಅಂತ ಹೇಳ್ತೀನಿ. ಡೀಸೆಲ್ ಕಾಲದಲ್ಲಿ ಒಂದೇ ಒಂದು ಎಂಜಿನ್ ಇಡೀ ರೈಲನ್ನ ಎಳೀಬೇಕಿತ್ತು, ಇಲ್ಲಾಂದ್ರೆ ಹಿಂದಿಂದ ತಳ್ಬೇಕಿತ್ತು. ನಿಂತಿರೋ ರೈಲು ಹೊರಡೋದು ಅಂದ್ರೆ ಒಂದು ದೊಡ್ಡ ಕಥೆ, ಮೊದ್ಲು ಎಂಜಿನ್ ಗುರ್‍ರ್ ಅಂತ ಗರ್ಜನೆ, ಆಮೇಲೆ ಬೋಗಿಬೋಗಿಗೂ ಧಡ್ ಧಡ್ ಅಂತ ಕೊಂಡಿ ಎಳ್ಕೊಳ್ಳೋ ಸದ್ದು, ಕೈಲಿರೋ ಕಾಫಿ ಅಂಗಿ ಮೇಲೆ, ಅದು ವೇಗ ಹಿಡ್ಯೋ ಹೊತ್ತಿಗೆ ಮುಂದಿನ ಸ್ಟೇಷನ್ ಬಂದು ಮತ್ತೆ ಬ್ರೇಕು. ಹೊಸದ್ರಲ್ಲಿ ಬೇರೆ ಎಂಜಿನ್ನೇ ಇಲ್ಲ, ಬೋಗಿಗಳ ಕೆಳಗೇ ಮೋಟಾರ್‌ಗಳಿವೆ, ಮೇಲಿನ 25 ಸಾವಿರ ವೋಲ್ಟ್ ವೈರಿಂದ ಕರೆಂಟ್ ತಗೊಂಡು ಹೊರಟ್ರೆ ಹೊರಟಿದ್ದೇ ಗೊತ್ತಾಗಲ್ಲ. ಗಾಡಿ ಓಡ್ಸೋರು ಪಿಕಪ್ ಅಂತೀವಲ್ಲ, ಇಲ್ಲಿ ಇರೋದು ಅದೇ. ಟಾಪ್ ಸ್ಪೀಡ್ ಆಗಲೂ ಗಂಟೆಗೆ 79 ಮೈಲಿ, ಈಗಲೂ ಅಷ್ಟೇ, ಅದ್ರಲ್ಲಿ ಏನೂ ಬದಲಾವಣೆ ಇಲ್ಲ. ಉಳಿದಿರೋ ಸಮಯ ಎಲ್ಲಾ ಪಿಕಪ್‌ನಲ್ಲೇ ಉಳಿದಿದ್ದು.

ಹಾಗಾಗಿ ಜಾಸ್ತಿ ಲಾಭ ಯಾರಿಗೆ ಅಂದ್ರೆ ಎಲ್ಲಾ ಕಡೆ ನಿಲ್ಲೋ ಲೋಕಲ್‌ಗೆ! ಸ್ಯಾನ್ ಹೋಸೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಲೋಕಲ್‌ನಲ್ಲಿ ಮುಂಚೆ ಸುಮಾರು 100 ನಿಮಿಷ ಬೇಕಿತ್ತು, ಈಗ 75. ಎಕ್ಸ್‌ಪ್ರೆಸ್ ಒಂದು ಗಂಟೆ ಒಳಗೆ ಹೋಗತ್ತೆ. ಅಂದ್ರೆ ಎರಡಕ್ಕೂ ವ್ಯತ್ಯಾಸ ಸುಮಾರು ಹದಿನೈದು ನಿಮಿಷ ಅಷ್ಟೇ, ಎಕ್ಸ್‌ಪ್ರೆಸ್ ಬರ್ಲಿ ಅಂತ ಇಪ್ಪತ್ತೈದು ನಿಮಿಷ ಪ್ಲಾಟ್‌ಫಾರ್ಮಲ್ಲಿ ನಿಂತ್ರೆ ನಷ್ಟ ನಿಮ್ಗೇ. ಎದುರಿಗೆ ಯಾವ್ದು ಬರತ್ತೋ ಅದನ್ನ ಹತ್ತಿ. ಎಕ್ಸ್‌ಪ್ರೆಸ್ಸು ಹಿಂದೇನೇ ಹತ್ತು ನಿಮಿಷದಲ್ಲಿ ಬರೋದಿದ್ರೆ ಮಾತ್ರ ಕಾಯಿರಿ, ಅದೂ ನೀವು ಇಳಿಯೋ ಕಡೆ ಅದು ನಿಲ್ಲತ್ತಾ ಅಂತ ನೋಡ್ಕೊಂಡು.

ಅದನ್ನ ನೋಡೋದು ಹೇಗೆ ಅಂದ್ರೆ ರೈಲಿನ ನಂಬರ್. ಮೂರು ಅಂಕಿ ಇರತ್ತೆ, ಮೊದಲ್ನೇದು 1 ಇದ್ರೆ ವಾರದ ದಿನದ ಲೋಕಲ್, 4 ಅಂದ್ರೆ ಲಿಮಿಟೆಡ್, ಕೆಲವು ಸ್ಟೇಷನ್ ಬಿಟ್ಟು ಹೋಗತ್ತೆ, 5 ಎಕ್ಸ್‌ಪ್ರೆಸ್, 6 ಶನಿವಾರ ಭಾನುವಾರದ್ದು. ಕೊನೇ ಅಂಕಿ ಬೆಸ ಆಗಿದ್ರೆ ಉತ್ತರಕ್ಕೆ ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಕಡೆ, ಸಮ ಆಗಿದ್ರೆ ದಕ್ಷಿಣಕ್ಕೆ. ಇಷ್ಟು ಗೊತ್ತಿದ್ರೆ ಅನೌನ್ಸ್‌ಮೆಂಟ್ ಅರ್ಧಂಬರ್ಧ ಕೇಳ್ಸಿದ್ರೂ ಪರವಾಗಿಲ್ಲ.

ವೀಕೆಂಡ್‌ಗೆ ಮುಂಚೆ ಗಂಟೆಗೊಂದು ಇತ್ತು, ಒಂದು ತಪ್ಪಿದ್ರೆ ಆ ದಿನದ ಪ್ಲಾನೇ ಹಾಳು. ಈಗ ಅರ್ಧ ಗಂಟೆಗೊಂದು. ನನ್ನ ಕೇಳಿದ್ರೆ ಕರೆಂಟ್ ಬಂದಿದ್ರಿಂದ ಆದ ದೊಡ್ಡ ಉಪಕಾರ ಇದೇ, ಆಫೀಸಿಗೆ ಹೋಗೋರ ಬಗ್ಗೆನೇ ಎಲ್ರೂ ಮಾತಾಡ್ತಾರೆ, ಆದ್ರೆ ಭಾನುವಾರ ಮಕ್ಕಳನ್ನ ಕಟ್ಕೊಂಡು ಹೊರಡೋರಿಗೆ ಟೈಮ್ ಟೇಬಲ್ ಹಿಡ್ಕೊಂಡು "ಬೇಗ ಬೇಗ ಶೂ ಹಾಕ್ಕೋ" ಅಂತ ಕೂಗಾಡೋದು ತಪ್ಪಿದೆ.

ಈಗ ಟಿಕೆಟ್. ಜಾಸ್ತಿ ಜನ ತಪ್ಪು ಮಾಡೋದು ಇಲ್ಲೇ, ರೈಲು ಹೊಸದಾದ್ರೂ ಟಿಕೆಟ್ ಪದ್ಧತಿ ಹಳೇದೇ. ಗೇಟು ಗೀಟು ಏನೂ ಇಲ್ಲ, ಪ್ಲಾಟ್‌ಫಾರ್ಮಲ್ಲಿ ಒಂದು ಕಂಬಕ್ಕೆ ಕ್ಲಿಪ್ಪರ್ ಅನ್ನೋ ಟಿಕೆಟ್ ಕಾರ್ಡಿನ ಮೆಷಿನ್ ಇರತ್ತೆ, ಹತ್ತೋ ಮುಂಚೆ ಕಾರ್ಡೋ ಫೋನೋ ಅದಕ್ಕೆ ತೋರಿಸ್ಬೇಕು, ಇಳಿದ ಮೇಲೆ ಮತ್ತೆ ತೋರಿಸ್ಬೇಕು. ಹತ್ತುವಾಗ ತೋರಿಸಿದ ತಕ್ಷಣ ಅದು ನೀವು ಲೈನಿನ ತುದಿವರೆಗೂ ಹೋಗ್ತೀರಿ ಅಂತ ಲೆಕ್ಕ ಹಾಕಿ ಪೂರ್ತಿ ದುಡ್ಡು ಮುರ್ಕೊಂಡಿರತ್ತೆ, ಇಳಿದು ತೋರಿಸಿದಾಗ ಮಿಕ್ಕಿದ್ದು ವಾಪಸ್ ಕೊಡತ್ತೆ. ಮರ್ತು ಮನೆಗೆ ಹೋದ್ರೆ ವಾಪಸ್ ಇಲ್ಲ. ನಾನು ಮೊದಲ್ನೇ ತಿಂಗಳು ಮೂರು ಸಲ ಮರ್ತಿದೀನಿ, ಮೂರನೇ ಸಲ ಪಾರ್ಕಿಂಗ್ ಲಾಟಿಂದ ಓಡೋಡಿ ವಾಪಸ್ ಬಂದು ತೋರಿಸ್ದೆ ಬಿಡಿ. ಈಗ ನಮ್ಮನೇಲಿ ಇಳಿದ ತಕ್ಷಣ ಯಾರಾದ್ರೂ ಒಬ್ರು "ಟ್ಯಾಗ್!" (ಮೆಷಿನ್‌ಗೆ ಕಾರ್ಡ್ ತೋರ್ಸಿ ಅಂತ) ಅಂತ ಕೂಗೋದು ರೂಢಿ.

ಇನ್ನೊಂದು ಸಣ್ಣ ಉಪಾಯ. ದರ ಝೋನ್ ಲೆಕ್ಕದಲ್ಲಿ. ಸನಿವೇಲ್ 3ನೇ ಝೋನು, ಅದರ ಪಕ್ಕದ ಲಾರೆನ್ಸ್ 4ನೇ ಝೋನು. ಎರಡ್ರ ಮಧ್ಯೆ ಮನೆ ಇರೋರು ಉತ್ತರಕ್ಕೆ ಹೋಗೋದಾದ್ರೆ ಸನಿವೇಲಲ್ಲೇ ಹತ್ತಿ, ಒಂದು ಝೋನಿನ ದುಡ್ಡು ಉಳಿಯತ್ತೆ, ದಿನಾ ಓಡಾಡೋರಿಗೆ ವರ್ಷಕ್ಕೆ ಲೆಕ್ಕ ಹಾಕಿದ್ರೆ ಕಮ್ಮಿ ಏನಲ್ಲ. ಹಾಗೇ ಕೆಲಸ ಮಾಡೋ ಕಡೆ ಗೋ ಪಾಸ್ (ಕಂಪನಿ ತನ್ನ ಕೆಲಸದವ್ರಿಗೆ ಕೊಡೋ ಕ್ಯಾಲ್‌ಟ್ರೈನ್ ಪಾಸ್) ಕೊಡ್ತಾರಾ ಅಂತ ಎಚ್‌ಆರ್ ಹತ್ರ ಒಂದ್ಸಲ ಕೇಳಿ, ಕೊಡ್ತಿದ್ರೂ ಗೊತ್ತಿಲ್ದೆ ದುಡ್ಡು ಕೊಟ್ಕೊಂಡು ಓಡಾಡ್ತಿರೋರು ಇದಾರೆ. 65 ದಾಟಿದ ಅಪ್ಪ ಅಮ್ಮನಿಗೆ ಸೀನಿಯರ್ ಕ್ಲಿಪ್ಪರ್ ಕಾರ್ಡ್ ಮಾಡ್ಸಿ, ಅರ್ಧ ದರ. ಅವ್ರು ಬರೋಕೆ ಮುಂಚೆನೇ ಯೋಚ್ನೆ ಮಾಡಿಟ್ಕೊಳ್ಳಿ, ಬಂದ್ಮೇಲೆ ನೋಡೋಣ ಅಂದ್ರೆ ಅವ್ರು ಊರಿಗೆ ವಾಪಸ್ ಹೋಗೋ ಹೊತ್ತಿಗೆ ನೆನಪಾಗತ್ತೆ. ಒಬ್ರ ಕಾರ್ಡಲ್ಲಿ ಇಬ್ರು ಹೋಗಕ್ಕಾಗಲ್ಲ, ಒಬ್ಬೊಬ್ರಿಗೂ ಒಂದೊಂದು ಬೇಕು, ಕಂಡಕ್ಟರ್ ಒಳಗೆ ಬಂದು ಚೆಕ್ ಮಾಡ್ತಾರೆ.

ಹತ್ತೋ ವಿಷ್ಯ. ರೈಲು ಏಳು ಬೋಗಿ, ಎಲ್ಲಾ ಡಬಲ್ ಡೆಕ್ಕರ್, ಸ್ಟ್ಯಾಡ್ಲರ್ ಅಂತ ಸ್ವಿಟ್ಜರ್ಲೆಂಡಿನ ಕಂಪನಿದು, ಕಟ್ಟಿದ್ದು ಮಾತ್ರ ಯೂಟಾದ ಸಾಲ್ಟ್ ಲೇಕ್ ಸಿಟೀಲಿ. ಪ್ಲಾಟ್‌ಫಾರ್ಮು ಹಳೇದೇ, ತಗ್ಗಲ್ಲೇ ಇದೆ, ಹಾಗಾಗಿ ಮೆಟ್ರೋ ಥರ ಸಲೀಸಾಗಿ ಒಳಗೆ ನಡ್ಕೊಂಡು ಹೋಗಕ್ಕಾಗಲ್ಲ, ಮೆಟ್ಲು ಹತ್ಲೇಬೇಕು, ಮಂಡಿ ನೋವಿರೋರ ಕೈ ಹಿಡ್ಕೊಳ್ಳಿ. ವೀಲ್‌ಚೇರ್ ಇದ್ರೆ ಕಂಡಕ್ಟರ್‌ಗೆ ಕಾಣೋ ಹಾಗೆ ನಿಂತ್ಕೊಳ್ಳಿ, ಹತ್ತಿಸೋಕೆ ಅವ್ರೇ ವ್ಯವಸ್ಥೆ ಮಾಡ್ತಾರೆ. ಒಂದು ಮಾತು ನೆನಪಿರ್ಲಿ, ಸ್ಯಾನ್ ಫ್ರಾನ್ಸಿಸ್ಕೋದ 22ನೇ ಬೀದಿ ಸ್ಟೇಷನ್‌ನಲ್ಲಿ ಬರೀ ಮೆಟ್ಲು, ಲಿಫ್ಟ್ ಇಲ್ಲ, ವಯಸ್ಸಾದೋರು ಸ್ಟ್ರೋಲರ್ ಇರೋರು ಅಲ್ಲಿ ಇಳಿಯೋ ತಪ್ಪು ಮಾಡ್ಬೇಡಿ, ಕೊನೇ ಸ್ಟೇಷನ್‌ವರೆಗೂ ಹೋಗಿ.

ಸೀಟು ಮೇಲಿನ ಅಂತಸ್ತಲ್ಲಿ ಹಿಡೀರಿ, ನೋಡೋಕೆ ಚೆನ್ನಾಗಿರತ್ತೆ. ನಮ್ಮಮ್ಮ ಬಂದಾಗ ಮೇಲೆ ಕೂರಿಸಿದ್ದೆ, ಮಿಲ್‌ಬ್ರೇ ದಾಟೋವರೆಗೂ ಸುಮ್ನಿದ್ದು ಆಮೇಲೆ "ಅಲ್ಲ ಕಣೋ, ರೈಲು ಹೋಗ್ತಿದ್ಯೋ ನಿಂತಿದ್ಯೋ ಗೊತ್ತೇ ಆಗ್ತಿಲ್ವಲ್ಲ, ಇದ್ರಲ್ಲಿ ಕಿಟಕಿ ತೆಗ್ಯಕ್ಕಾದ್ರೂ ಬರತ್ತಾ" ಅಂತ ಕೇಳಿದ್ರು. ಬರಲ್ಲ. ಎಸಿ ಇದೆ, ಸೀಟ್ ಹತ್ರ ಚಾರ್ಜಿಂಗ್ ಪಾಯಿಂಟ್ ಇದೆ, ವೈಫೈ ಫ್ರೀ, ಮುಂದಿನ ಸ್ಟೇಷನ್ ಯಾವ್ದು ಅಂತ ಸ್ಕ್ರೀನಲ್ಲಿ ಬರತ್ತೆ. ಒಂದು ಕೊರತೆ ಅಂದ್ರೆ ಟಾಯ್ಲೆಟ್ಟು, ಇಡೀ ರೈಲಿಗೆ ಒಂದೇ. ಚಿಕ್ಕ ಮಕ್ಕಳಿರೋರು ಅದು ಯಾವ ಬೋಗೀಲಿದೆ ಅಂತ ಹತ್ತುವಾಗ್ಲೇ ನೋಡಿ ಅದ್ರ ಹತ್ತಿರಾನೇ ಕೂತ್ಕೊಳ್ಳಿ, ತುಂಬಿರೋ ರೈಲಲ್ಲಿ ನಾಲ್ಕು ಬೋಗಿ ದಾಟ್ಕೊಂಡು ಹೋಗೋ ಹೊತ್ತಿಗೆ ಕೆಲಸ ಕೆಟ್ಟಿರತ್ತೆ.

ಸೈಕಲ್ ತಗೊಂಡು ಹೋಗೋರಿಗೆ ಎರಡು ಬೋಗಿ ಮೀಸಲು, ಹೊರಗಡೆ ಸೈಕಲ್ ಚಿತ್ರ ಇರತ್ತೆ. ಒಂದ್ರ ಮೇಲೆ ಒಂದು ಒರಗಿಸಿ ನಿಲ್ಲಿಸ್ಬೇಕು, ಅದಕ್ಕೇ ನೀವು ಇಳಿಯೋ ಸ್ಟೇಷನ್ ಹೆಸರು ಬರೆದ ಚೀಟಿ ಸೈಕಲ್‌ಗೆ ಕಟ್ಟಿರಿ. ಮುಂಚೆ ಇಳಿಯೋರದ್ದು ಹೊರಗೆ, ಆಮೇಲೆ ಇಳಿಯೋರದ್ದು ಒಳಗೆ. ಚೀಟಿ ಇಲ್ದೆ ನಿಲ್ಲಿಸಿ ಹೆಡ್‌ಫೋನ್ ಹಾಕ್ಕೊಂಡು ಮೇಲೆ ಹೋಗಿ ಕೂತ್ರೆ ಮೌಂಟನ್ ವ್ಯೂನಲ್ಲಿ ಇಳಿಯೋ ಯಾರೋ ಪಾಪ ನಿಮ್ಮನ್ನ ಬೈಕೊಂಡೇ ಸೈಕಲ್ ಎಳೀತಿರ್ತಾರೆ.

ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟ್‌ಗೆ ಹೋಗೋದಾದ್ರೆ ಮಿಲ್‌ಬ್ರೇನಲ್ಲಿ ಇಳಿದು ಬಾರ್ಟ್ ಅನ್ನೋ ಮೆಟ್ರೋ ರೈಲು ಹತ್ತಿ, ಅಲ್ಲಿಂದ ಮುಂದಿನದೇ ಏರ್‌ಪೋರ್ಟು. ಎರಡು ದೊಡ್ಡ ಸೂಟ್‌ಕೇಸ್ ಅಂದ್ರೆ ನಡೆಯತ್ತೆ, ಊರಿಗೆ ಹೊರಟಿರೋ ಫ್ಯಾಮಿಲಿಯ ಎಂಟು ಸೂಟ್‌ಕೇಸ್ ಅಂದ್ರೆ ಬೇಡ, ಯಾರಾದ್ರೂ ಫ್ರೆಂಡ್‌ಗೆ ಡ್ರಾಪ್ ಕೇಳಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊನೇ ಸ್ಟೇಷನ್ ಊರಿನ ನಡುಮಧ್ಯ ಇಲ್ಲ, ನಾಲ್ಕನೇ ಬೀದಿ ಮತ್ತೆ ಕಿಂಗ್ ಬೀದಿ ಮೂಲೇಲಿದೆ, ಅಲ್ಲಿಂದ ಯೂನಿಯನ್ ಸ್ಕ್ವೇರು, ಚೈನಾಟೌನ್‌ಗೆ ಊರೊಳಗಿನ ಟ್ರಾಮಿನ ಟಿ ಲೈನು, ಎಂಬಾರ್ಕಡೆರೋ ಕಡೆಗೆ ಎನ್ ಲೈನು. ಬೇಸ್‌ಬಾಲ್ ಮ್ಯಾಚ್ ಇರೋ ದಿನ ಮಾತ್ರ ಹುಷಾರು, ಸ್ಟೇಡಿಯಂ ಪಕ್ಕದಲ್ಲೇ ಇರೋದು, ಮ್ಯಾಚ್ ಮುಗಿದ ಮೇಲಿನ ರೈಲಲ್ಲಿ ಕಾಲಿಡೋಕೂ ಜಾಗ ಇರಲ್ಲ. ಮೊದ್ಲು ಮ್ಯಾಚ್ ಕ್ಯಾಲೆಂಡರ್ ನೋಡಿ ಆಮೇಲೆ ಪ್ಲಾನ್ ಮಾಡಿ.

ಇನ್ನು ಹುಷಾರಾಗಿರ್ಬೇಕಾದ ವಿಷ್ಯ, ಇದನ್ನ ಮಕ್ಕಳಿಗೆ ಖಂಡಿತ ಹೇಳಿ. ಡೀಸೆಲ್ ರೈಲು ಅರ್ಧ ಮೈಲಿ ದೂರದಿಂದ್ಲೇ ನೆಲ ನಡುಗಿಸ್ಕೊಂಡು ಬರ್ತಿತ್ತು, ಇದು ಬಂದು ಪಕ್ಕದಲ್ಲಿ ನಿಂತ್ರೂ ಗೊತ್ತಾಗಲ್ಲ ಅನ್ನೋ ಥರ. ಫೋನ್ ನೋಡ್ಕೊಂಡು ಹಳದಿ ಗೆರೆ ದಾಟಿ ನಿಲ್ಲೋ ಅಭ್ಯಾಸ ಇದ್ರೆ ಇವತ್ತೇ ಬಿಡಿ. ಈ ಲೈನಲ್ಲಿ ರಸ್ತೆ ಮಟ್ಟದಲ್ಲೇ ಹಳಿ ದಾಟೋ ಕ್ರಾಸಿಂಗ್‌ಗಳು 41 ಇವೆ, ಒಂದು ರೈಲು ಹೋಯ್ತು ಅಂತ ಗೇಟ್ ಏಳೋ ಮುಂಚೆ ನುಗ್ಗಬೇಡಿ, ಪಕ್ಕದ ಹಳಿ ಮೇಲೆ ಎದುರು ದಿಕ್ಕಿಂದ ಇನ್ನೊಂದು ಬರ್ತಿರತ್ತೆ. ಮೇಲಿನ ವೈರಲ್ಲಿ ರೈಲು ಇಲ್ದಿದ್ದಾಗ್ಲೂ ಕರೆಂಟ್ ಇರತ್ತೆ. ಬರ್ತ್‌ಡೇಗೆ ತರೋ ಆ ಮಿರಿಮಿರಿ ಮಿಂಚೋ ಹೀಲಿಯಂ ಬಲೂನು ಇದ್ಯಲ್ಲ, ಅದ್ರ ಮೇಲೆ ಲೋಹದ ಲೇಪ ಇರತ್ತೆ, ಕೈ ಜಾರಿ ಹೋಗಿ ವೈರಿಗೆ ತಗುಲಿದ್ರೆ ಶಾರ್ಟ್ ಸರ್ಕ್ಯೂಟ್ ಆಗಿ ರೈಲೆಲ್ಲಾ ನಿಂತೋಗ್ಬಹುದು. ಪಾರ್ಟಿಗೆ ರೈಲಲ್ಲಿ ಹೋಗೋದಾದ್ರೆ ಬಲೂನ್ ಅಲ್ಲಿಗೆ ಹೋದ್ಮೇಲೆ ತಗೊಳ್ಳಿ.

ಹೊಗೆ ವಿಷ್ಯ ಹೇಳ್ದೆ ಹೋದ್ರೆ ತಪ್ಪಾಗತ್ತೆ. ಹಳೇದ್ರಲ್ಲಿ ದಿನಾ ಹೋಗ್ತಿದ್ದೋರಿಗೆ ಆ ವಾಸನೆ ನೆನಪಿರತ್ತೆ, ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಷನ್ನಲ್ಲಿ ಎಂಜಿನ್ ಆಫ್ ಮಾಡ್ದೆ ನಿಲ್ಸಿರ್ತಿದ್ರು, ಮನೆಗೆ ಬಂದ್ರೂ ಜಾಕೆಟ್‌ನಲ್ಲಿ ಡೀಸೆಲ್ ವಾಸನೆ. ಯುಸಿ ಬರ್ಕ್ಲಿಯವ್ರು ಬೋಗಿ ಒಳಗಿನ ಗಾಳಿ ಅಳೆದು ನೋಡಿ 2025ರಲ್ಲಿ ಹೇಳಿದ್ದು, ಪ್ರಯಾಣಿಕರು ಉಸಿರಾಡ್ತಿದ್ದ ಕಪ್ಪು ಮಸಿ ಕಣ ಸರಾಸರಿ 89% ಕಮ್ಮಿ ಆಗಿದೆ ಅಂತ. ಅದೂ ಅಲ್ದೆ ಬ್ರೇಕ್ ಹಾಕ್ದಾಗ ಮೋಟಾರೇ ನಮ್ಮ ಹಳೇ ಸೈಕಲ್ ಡೈನಮೋ ಥರ ಕರೆಂಟ್ ಹುಟ್ಸತ್ತೆ, ಬಳಸಿದ್ದರಲ್ಲಿ ಸುಮಾರು 23% ಹಾಗೆ ವಾಪಸ್ ವೈರಿಗೆ ಹೋಗತ್ತಂತೆ. ಹಳೇ ಎಂಜಿನ್ನು ಬೋಗಿಗಳಲ್ಲಿ ತುಂಬಾನೇ ಪೆರು ದೇಶದ ಲೀಮಾಗೆ ಹೋಗಿವೆ, ಅಲ್ಲಿ ಇನ್ನೊಂದು ಜನ್ಮ.

ಕೊನೇದಾಗಿ ಸ್ಯಾನ್ ಹೋಸೆಯಿಂದ ದಕ್ಷಿಣಕ್ಕಿರೋ ಗಿಲ್‌ರಾಯ್, ಮಾರ್ಗನ್ ಹಿಲ್ ಕಡೆಯವ್ರಿಗೆ. ಕರೆಂಟ್ ವೈರ್ ಇರೋದು 51 ಮೈಲಿ, ಸ್ಯಾನ್ ಹೋಸೆಯ ಟ್ಯಾಮಿಯನ್ ಸ್ಟೇಷನ್‌ವರೆಗೂ ಅಷ್ಟೇ, ಅದ್ರಾಚೆ ಇನ್ನೂ ಡೀಸೆಲ್ಲೇ. ನಂಬರ್ 8ರಿಂದ ಶುರುವಾಗೋ ರೈಲುಗಳು, ವಾರದ ದಿನ ಮಾತ್ರ, ಬೆಳಿಗ್ಗೆ ಉತ್ತರಕ್ಕೆ, ಸಂಜೆ ದಕ್ಷಿಣಕ್ಕೆ. ಸ್ಯಾನ್ ಹೋಸೆಯ ಡಿರಿಡಾನ್ ಸ್ಟೇಷನ್‌ನಲ್ಲಿ ಇಳಿದು ರೈಲು ಬದಲಾಯಿಸ್ಬೇಕು, ನೀವು ಬರೋ ಕರೆಂಟ್ ರೈಲು ಯಾವ 8ನೇ ನಂಬರಿಗೆ ಕನೆಕ್ಷನ್ ಅಂತ ಹೊರಡೋಕೆ ಮುಂಚೆನೇ ಟೈಮ್ ಟೇಬಲ್‌ನಲ್ಲಿ ನೋಡಿ. ನಾನು ಮೇಲೆ ಹೇಳಿದ "ಎದುರಿಗೆ ಬಂದಿದ್ದನ್ನ ಹತ್ತಿ" ಅನ್ನೋ ಮಾತು ಇವ್ರಿಗೆ ಅನ್ವಯ ಆಗಲ್ಲ, ಇಲ್ಲಿ ಒಂದು ತಪ್ಪಿದ್ರೆ ಮುಂದಿನದಕ್ಕೆ ಹಳೇ ಕಾಲದ ಥರಾನೇ ಕಾಯ್ಬೇಕು. ಬ್ಯಾಟರೀಲಿ ಓಡೋ ರೈಲೊಂದಕ್ಕೆ ಆರ್ಡರ್ ಕೊಟ್ಟಿದಾರೆ, ಅದು ಬರೋವರೆಗೂ ಡಿರಿಡಾನ್ ಪ್ಲಾಟ್‌ಫಾರ್ಮಲ್ಲಿ ಸ್ವಲ್ಪ ದೂರ ನಿಂತ್ಕೊಳ್ಳಿ, ಜಾಕೆಟ್ಟಿಗೆ ವಾಸನೆ ಹಿಡಿಯತ್ತೆ.