ಮಳೆಗಾಲದ ದಮ್ಮು ಮತ್ತು ನನ್ನ ಎರಡು ಸ್ಪೇಸರ್

ತೀರ್ಥಹಳ್ಳಿ ಕಡೆ ಆಷಾಢದ ಮಳೆ ಹಿಡಿದರೆ ದಮ್ಮು (ಆಸ್ತಮಾ) ಇರುವ ನನ್ನ ಎದೆಯಲ್ಲೂ ಸುಯ್ ಸುಯ್ ಶುರು. ಬಚ್ಚಲೊಲೆಗೆ ಹಸಿ ಅಡಿಕೆ ಸಿಪ್ಪೆ ತುರುಕಿದರಂತೂ ಮುಗೀತು. ಮೊದಲೆಲ್ಲ ಸುಮ್ನೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುತ್ತಿದ್ದೆ. ನೀವು ಹಾಗೆ ಮಾಡಬೇಡಿ.

ಆರೋಗ್ಯವಂತರ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾವೇ ಇಲ್ಲ ಎಂದು ಬಹಳ ಕಾಲ ನಂಬಿದ್ದರು. 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು ಅಲ್ಲಗಳೆಯಿತು. ಅವು ಎಲ್ಲರಲ್ಲೂ ಇವೆ. ಆಸ್ತಮಾ ಇದ್ದವರಲ್ಲಿ ಹೀಮೋಫಿಲಸ್ ಥರದವು ಜಾಸ್ತಿ ಕಂಡವು. ಅವೇ ಕಾಯಿಲೆ ತಂದವೋ, ಕೆಟ್ಟ ಜಾಗ ನೋಡಿ ಬಂದು ಕೂತವೋ, ಆ ವಾದ ಇನ್ನೂ ನಡೆದಿದೆ. ದಮ್ಮು ದಿಢೀರ್ ಏರುವುದಕ್ಕೆ ಹೆಚ್ಚಿನ ಸಲ ಶೀತದ ವೈರಸ್ ಕಾರಣ. ಅದಕ್ಕೆ ಆಂಟಿಬಯೋಟಿಕ್ ನಾಟುವುದೇ ಇಲ್ಲ.

ಡಾಕ್ಟರ್ ದಿನಾ ತೆಗೆದುಕೊಳ್ಳಲು ಹೇಳಿದ ಸ್ಟೀರಾಯ್ಡ್ ಇನ್ಹೇಲರನ್ನು, ಉಸಿರು ಸರಿಯಿದ್ದ ದಿನವೂ ಬಿಡಬೇಡಿ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬೂಷ್ಟು ಕೂರಬಹುದು.

ಸ್ಪೇಸರ್ ಅಂದರೆ ಇನ್ಹೇಲರಿಗೆ ಸಿಕ್ಕಿಸಿ ಔಷಧ ಎಳೆದುಕೊಳ್ಳುವ ಪ್ಲಾಸ್ಟಿಕ್ ಕೊಳವೆ. ಅದನ್ನು ವಾರಕ್ಕೊಮ್ಮೆ ಬಿಚ್ಚಿ, ಪಾತ್ರೆ ತೊಳೆಯುವ ಸೋಪು ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ. ಬಟ್ಟೆಯಲ್ಲಿ ಉಜ್ಜಿ ಒರೆಸಬೇಡಿ. ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ, ಔಷಧ ನಿಮ್ಮ ಎದೆಗೆ ಹೋಗುವ ಬದಲು ಅದರ ಗೋಡೆಗೇ ಅಂಟುತ್ತದೆ. ತಾನಾಗಿ ಆರಲಿ. ಜುಲೈಯಲ್ಲಿ ನಮ್ಮಲ್ಲಿ ಕರವಸ್ತ್ರವೇ ಮೂರು ದಿನ ಆರಲ್ಲ, ಅಲ್ವಾ? ಅದಕ್ಕೇ ಎರಡು ಸ್ಪೇಸರ್ ಇಟ್ಟುಕೊಂಡಿದ್ದೇನೆ. ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಒಣಗಿಸಬೇಡಿ, ಹೊಗೆ ಹಿಡಿಯುತ್ತದೆ.

ಜ್ವರ ಬಂದು ಕಫದ ಬಣ್ಣ ಬದಲಾದರೆ ಡಾಕ್ಟರಿಗೆ ತೋರಿಸಿ. ಒಂದು ವಾಕ್ಯ ಮುಗಿಸಲೂ ಆಗದಷ್ಟು ಏದುಸಿರು ಬಂದರೆ, ಮಳೆ ನಿಲ್ಲಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.