ಕೋಳಿ ಸೂಪಿನ ಕಹಿ ಹೋದದ್ದು ಹೀಗೆ
ಮಂಗಳೂರಿನ ಮಳೆಗಾಲದ ರಾತ್ರಿಗೆ ಲಿಂಬೆ ಹಿಂಡಿದ ಕೋಳಿ ಸೂಪು, ಪಾಸ್ತಾ ಹೇಳಿ ಮಾಡಿಸಿದ ಹಾಗೆ. ಕೆಡುತ್ತಿದ್ದದ್ದು ಎರಡು ಕಡೆ: ಲಿಂಬೆ ಹೋಳು ಸಾರಿನಲ್ಲೇ ಕುದಿದು ಕಹಿ ಬಿಡುತ್ತಿತ್ತು, ಪಾಸ್ತಾ ಸಾರನ್ನೆಲ್ಲ ಹೀರಿ ಬೆಳಗಾಗುವಾಗ ಗಂಜಿಯಾಗುತ್ತಿತ್ತು.

ಈಗ ಮೂಳೆಸಹಿತ 500 ಗ್ರಾಂ ಕೋಳಿಗೆ 1.5 ಲೀಟರ್ ತಣ್ಣೀರು, ನೀರುಳ್ಳಿ, ಶುಂಠಿ, 10 ಒಳ್ಳೆಮೆಣಸು. ನೊರೆ ತೆಗೆದು ಸಣ್ಣ ಉರಿಯಲ್ಲಿ 40 ನಿಮಿಷ. ಊರ ಕೋಳಿಯಾದರೆ ಇದರ ದುಪ್ಪಟ್ಟು ಬೇಕು. ಸಾರು ಸೋಸಿ, ಮಾಂಸ ಬಿಡಿಸಿ ಹಾಕಿ.

100 ಗ್ರಾಂ ಪಾಸ್ತಾ ಬೇರೆ ಉಪ್ಪುನೀರಿನಲ್ಲಿ ಬೇಯಲಿ. ಪ್ಯಾಕೆಟಿನಲ್ಲಿ ಹೇಳಿದ್ದಕ್ಕಿಂತ 2 ನಿಮಿಷ ಮೊದಲೇ ಬಸಿದು, ಉಣ್ಣುವಾಗ ಬಟ್ಟಲಿಗೆ ಹಾಕಿ ಮೇಲೆ ಬಿಸಿ ಸಾರು.

ಲಿಂಬೆರಸ 2 ಚಮಚ, ಉರಿ ಆರಿಸಿದ ಮೇಲೆಯೇ, ಬೀಜ ಬೀಳದಂತೆ. ಸಿಪ್ಪೆ ತುರಿದರೆ ಹಳದಿ ಮಾತ್ರ. ನಮ್ಮ ತೆಳುಸಿಪ್ಪೆಯ ಲಿಂಬೆಯಲ್ಲಿ ಎರಡು ಸಲ ಉಜ್ಜಿದರೆ ಬಿಳಿ ಪದರ ಕಾಣುತ್ತದೆ. ಕಹಿ ಇರುವುದು ಅದರಲ್ಲೇ, ಅಲ್ಲಿಗೆ ಕೈ ನಿಲ್ಲಿಸಿ.